ಹೊಲದಲ್ಲಿ ನಿಂತ ನೀರಿಗೆ ದಾರಿ: ಗ್ರಾಮ ಪಂಚಾಯಿತಿ ಮೂಲಕ ಬಸಿಗಾಲುವೆ ಮಾಡಿಸುವ ಕ್ರಮ

ಮಳೆಗಾಲ ಬಂತೆಂದರೆ ಓದುಗರು ಕೇಳುವ ಪ್ರಶ್ನೆ ಒಂದೇ: "ಮೇಲಿನ ಹೊಲಗಳ ನೀರೆಲ್ಲ ನಮ್ಮಲ್ಲಿಗೆ ಬಂದು ನಿಲ್ಲುತ್ತದೆ. ಪಂಚಾಯಿತಿಯಲ್ಲಿ ಕೇಳಿದರೆ ಅನುದಾನ ಇಲ್ಲ ಅಂತಾರೆ. ಮುಂದೇನು?"

ಅನುದಾನ ಇಲ್ಲ ಎಂಬ ಮಾತು ಎಷ್ಟೋ ಸಲ ಪೂರ್ತಿ ಉತ್ತರವಲ್ಲ. ನೀರು ಎಲ್ಲಿಂದ ಹೊರಟು ಎಲ್ಲಿ ಸೇರಬೇಕು, ಆ ದಾರಿ ದಾಖಲೆಯಲ್ಲಿ ಯಾರ ಹೆಸರಲ್ಲಿದೆ ಎಂಬುದು ಅರ್ಜಿಯಲ್ಲಿ ಇಲ್ಲದಿದ್ದರೆ ಎಂಜಿನಿಯರ್‌ಗೆ ಅಂದಾಜು ಪಟ್ಟಿ ತಯಾರಿಸಲು ಆಗುವುದಿಲ್ಲ. ಅಂದಾಜು ಪಟ್ಟಿ ಇಲ್ಲದ ಕಾಮಗಾರಿಗೆ ದುಡ್ಡು ಹುಡುಕುವ ಗೋಜಿಗೆ ಯಾರೂ ಹೋಗುವುದಿಲ್ಲ. ಹಾಗಾಗಿ ಇಲ್ಲಿ ಹಣದ ಮಾತು ಆರನೆಯ ಹಂತದಲ್ಲಿ ಬರುತ್ತದೆ. ಅದಕ್ಕೆ ಮುಂಚಿನ ಐದನ್ನು ಹಾರಿಸಿ ಹೋದರೆ ಅರ್ಜಿ ಕಪಾಟಿನಲ್ಲೇ ಉಳಿಯುತ್ತದೆ. ಹೇಳಿರುವುದೆಲ್ಲ ಕರ್ನಾಟಕದ ಹಳ್ಳಿಗಳಿಗೆ ಅನ್ವಯಿಸುವ ಕ್ರಮ.

1. ನೀರು ಮೇಲಿನದೋ, ಕೆಳಗಿನದೋ?

ಹೊಲದಲ್ಲಿ ನೀರು ನಿಲ್ಲುವುದರಲ್ಲಿ ಎರಡು ಬಗೆ. ಮಳೆ ನೀರು ಹರಿದು ಬಂದು ಹೊರಹೋಗಲು ದಾರಿಯಿಲ್ಲದೆ ನಿಲ್ಲುವುದು ಒಂದು. ಅಂತರ್ಜಲವೇ ಮೇಲೇರಿ ಬೇರಿನ ಮಟ್ಟಕ್ಕೆ ಬರುವುದು ಇನ್ನೊಂದು. ಇದನ್ನೇ ಜವಳು ಎನ್ನುವುದು. ಜವಳು ನೀರು ಆವಿಯಾಗುತ್ತ ಉಪ್ಪನ್ನು ಮೇಲ್ಮಣ್ಣಿನಲ್ಲಿ ಬಿಟ್ಟುಹೋದರೆ ಸವಳು. ತುಂಗಭದ್ರಾ, ಕೃಷ್ಣಾ, ಮಲಪ್ರಭಾ, ಘಟಪ್ರಭಾ ಅಚ್ಚುಕಟ್ಟಿನ ಎರೆ ಭೂಮಿಯಲ್ಲಿ ಸವಳು–ಜವಳು ಜೋಡಿಯಾಗಿಯೇ ಕಾಣುತ್ತವೆ.

ಪರೀಕ್ಷೆ ಸುಲಭ. ಮಳೆ ನಿಂತು ಒಂದು ವಾರ ಕಳೆದ ಮೇಲೆ ಹೊಲದ ತಗ್ಗಿನಲ್ಲಿ ಒಂದೂವರೆ ಮೀಟರ್ ಆಳದ ಗುಂಡಿ ತೋಡಿ, ಬಾಯಿ ಮುಚ್ಚಿ, ಮರುದಿನ ನೋಡಿ. ಭೂಮಟ್ಟದಿಂದ ಒಂದು ಮೀಟರ್ ಒಳಗೇ ನೀರು ಕಂಡರೆ ಅದು ಜವಳು. ಗುಂಡಿ ಒಣಗಿದ್ದರೆ ಸಮಸ್ಯೆ ಮೇಲ್ಮೈಯದು, ತೆರೆದ ಬಸಿಗಾಲುವೆ ಸಾಕು.

ಜವಳಿದ್ದಲ್ಲಿ ಮೊಣಕಾಲಾಳದ ಕಾಲುವೆ ತೋಡಿದರೆ ಹಣ ಹೋಗುತ್ತದೆ, ನೀರು ಹೋಗುವುದಿಲ್ಲ. ಅಲ್ಲಿ ಬೇಕಾದದ್ದು ಸುಮಾರು ಒಂದು ಮೀಟರಿಗಿಂತ ಆಳದಲ್ಲಿ ತೂತಿನ ಪೈಪ್ ಹೂಳುವ ಒಳಬಸಿ ವ್ಯವಸ್ಥೆ, ಇಲ್ಲವೇ ಆಳದ ಮುಖ್ಯ ಬಸಿಗಾಲುವೆ. ಇದು ಪಂಚಾಯಿತಿಯ ಕೈಗೆ ಮೀರಿದ ಕೆಲಸ. ಅಚ್ಚುಕಟ್ಟು ಪ್ರದೇಶದಲ್ಲಾದರೆ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಕಚೇರಿಗೆ ಹೋಗಿ. ಈ ವಿಷಯದಲ್ಲಿ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ವರ್ಷಗಳಿಂದ ಕೆಲಸ ನಡೆದಿದೆ. ಮಣ್ಣು ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ: ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಸವಳು, ರಸಸಾರ (ಪಿಎಚ್) 8.5 ದಾಟಿದರೆ ಕ್ಷಾರ. ಕ್ಷಾರ ಮಣ್ಣಿಗೆ ಬಸಿಗಾಲುವೆಯ ಜತೆಗೆ ಜಿಪ್ಸಮ್ ಕೂಡ ಬೇಕು.

ಇಲ್ಲಿಂದ ಮುಂದೆ ಹೇಳುವುದು ಮೇಲ್ಮೈ ನೀರಿನ ಬಸಿಗಾಲುವೆಗೆ ಮಾತ್ರ.

2. ಕೊನೆಯಿಂದ ಶುರು ಮಾಡಿ

ಬಹಳ ಮಂದಿ ತಮ್ಮ ಹೊಲದಿಂದ ಅಳತೆ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ನೀರು ಕೊನೆಗೆ ಸೇರುವ ಹಳ್ಳದಿಂದ. ಮಳೆಗಾಲದಲ್ಲಿ ಹಳ್ಳದ ನೀರಿನ ಮಟ್ಟ ನಿಮ್ಮ ಕಾಲುವೆಯ ತಳಕ್ಕಿಂತ ಮೇಲೇರುವುದಾದರೆ ನೀರು ಹಿಮ್ಮುಖವಾಗಿ ಹೊಲಕ್ಕೇ ನುಗ್ಗುತ್ತದೆ.

ಟ್ಯೂಬ್ ಲೆವೆಲ್ ಸಾಕು: ಗಾರೆ ಕೆಲಸದವರು ಬಳಸುವ, ನೀರು ತುಂಬಿದ ಪಾರದರ್ಶಕ ಪೈಪು. 20 ಮೀಟರ್ ಉದ್ದದ್ದು ತನ್ನಿ. ಹಳ್ಳದ ಬಾಯಿಂದ ಮೇಲಕ್ಕೆ 15 ಮೀಟರಿಗೊಂದು ಗೂಟ ನೆಟ್ಟು, ಪ್ರತಿ ಗೂಟದಲ್ಲೂ ನೆಲದ ಎತ್ತರ ಬರೆದುಕೊಳ್ಳುತ್ತ ಹೋಗಿ. ಪೈಪಿನಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ಲೆಕ್ಕ ತಪ್ಪುತ್ತದೆ, ಬೆಳಕಿಗೆ ಹಿಡಿದು ನೋಡಿ. ಅರ್ಧ ಕಿಲೋಮೀಟರ್ ಕಾಲುವೆಗೆ ತಳದ ಇಳಿಜಾರು ಕನಿಷ್ಠ 50 ಸೆಂಟಿಮೀಟರ್ ಸಿಗಬೇಕು, ಅಂದರೆ ಸಾವಿರಕ್ಕೆ ಒಂದು. ಅದಕ್ಕಿಂತ ಕಡಿಮೆಯಾದರೆ ಹೂಳು ಬೇಗ ಕೂರುತ್ತದೆ. ಇಳಿಜಾರು ತೀರಾ ಹೆಚ್ಚಿ ನೀರಿನ ವೇಗ ಸೆಕೆಂಡಿಗೆ ಒಂದು ಮೀಟರ್ ದಾಟಿದರೆ ಬರಿ ಮಣ್ಣಿನ ದಡ ಕೊರೆದು ಕೊರಕಲಾಗುತ್ತದೆ; ಅಂಥ ಕಡೆ ಕಲ್ಲು ಜೋಡಿಸಿದ ಮೆಟ್ಟಿಲು ಬೇಕೆಂದು ಅರ್ಜಿಯಲ್ಲೇ ಬರೆಯಿರಿ.

ದಾರಿಯುದ್ದಕ್ಕೂ ಸಿಗುವ ಮೋರಿಗಳ (ರಸ್ತೆ, ಬಂಡಿದಾರಿಯ ಅಡಿಯಲ್ಲಿ ನೀರು ಹಾಯಿಸುವ ಕಿರುಸೇತುವೆ) ಪೈಪ್ ಅಳತೆಯನ್ನೂ ಗುರುತು ಹಾಕಿಕೊಳ್ಳಿ. ತೊಂದರೆಯ ಮೂಲ ಕಾಲುವೆಯಲ್ಲಿ ಇರದೆ, ಬಂಡಿದಾರಿಯ ಕೆಳಗೆ ಯಾರೋ ಹಾಕಿಸಿದ ಚಿಕ್ಕ ಪೈಪಿನಲ್ಲಿ ಇರುವುದೇ ಹೆಚ್ಚು.

3. ಜಾಗ ಯಾರದು?

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮೊದಲು ಕೇಳುವ ಪ್ರಶ್ನೆ ಇದೇ. ಕಂದಾಯ ಇಲಾಖೆಯ ಜಾಲತಾಣದಿಂದ ಗ್ರಾಮ ನಕ್ಷೆ ತೆಗೆದುಕೊಳ್ಳಿ, ದಿಶಾಂಕ್ ಆ್ಯಪ್‌ನಲ್ಲಿ ಕಾಲುವೆ ಹಾಯುವ ಸರ್ವೆ ನಂಬರ್‌ಗಳನ್ನು ಪಟ್ಟಿ ಮಾಡಿ, ಪ್ರತಿಯೊಂದರ ಪಹಣಿ ತೆಗೆಸಿ. ಪಹಣಿಯಲ್ಲಿ ವಿಸ್ತೀರ್ಣದ ಜತೆ ಖರಾಬು ಎಷ್ಟೆಂದು ಇರುತ್ತದೆ. ಎ-ಖರಾಬು ಎಂದರೆ ಬಂಡೆಯಂಥ ಸಾಗುವಳಿಗೆ ಬಾರದ ಭಾಗ. ಬಿ-ಖರಾಬು ಎಂದರೆ ದಾರಿ, ಹಳ್ಳ, ಕಾಲುವೆ ಹೀಗೆ ಸಾರ್ವಜನಿಕ ಬಳಕೆಗೆ ಬಿಟ್ಟದ್ದು. ನಿಮಗೆ ಬೇಕಾದದ್ದು ಎರಡನೆಯದು.

ಮುಂದೆ ನಾಲ್ಕು ಸಾಧ್ಯತೆಗಳಿವೆ.

ನಕ್ಷೆಯಲ್ಲಿ ಹಳ್ಳ ಇದ್ದು ಹೊಲದಲ್ಲಿ ಕಾಣದಿದ್ದರೆ ಅದು ಒತ್ತುವರಿ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ, ಬೇರೆಯವರ ಹಕ್ಕು ಸ್ಥಾಪಿತವಾಗಿರದ ಹಳ್ಳ, ನಾಲೆ, ನೀರಿನ ದಾರಿಗಳು ಸರ್ಕಾರದ ಸ್ವತ್ತು. 104ನೇ ಕಲಂ ಪ್ರಕಾರ ತೆರವು ಮಾಡಿಸಬಹುದು. ಅರ್ಜಿ ತಹಶೀಲ್ದಾರ್‌ಗೆ ಹೋಗಬೇಕು, ಅದರ ಪ್ರತಿ ಪಂಚಾಯಿತಿಗೆ. ಮೊದಲು ಸರ್ವೆಯರ್ ಅಳತೆ ಆಗದೆ ಜೆಸಿಬಿ ತರಿಸಿದರೆ ಕೇಸು ನಿಮ್ಮ ಮೇಲೇ ಬೀಳುತ್ತದೆ.

ಕಾಲುವೆ ನೀರಾವರಿ ನಿಗಮದ್ದಾದರೆ ಪಂಚಾಯಿತಿ ಅದನ್ನು ಮುಟ್ಟುವಂತಿಲ್ಲ. ನಿಗಮದ ಉಪವಿಭಾಗದ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಅವರಿಂದ ನಿರಾಕ್ಷೇಪಣಾ ಪತ್ರ ಬೇಕು. ನೀರು ಬಳಕೆದಾರರ ಸಹಕಾರ ಸಂಘ ಇದ್ದಲ್ಲಿ ಅದರ ಮೂಲಕ ಕೇಳುವುದೇ ಜಾಣತನ.

ರಸ್ತೆ ಬದಿಯ ಕಾಲುವೆಯಾದರೆ ರಸ್ತೆ ಯಾರದೋ ಅವರದೇ ಹೊಣೆ: ಲೋಕೋಪಯೋಗಿ ಇಲಾಖೆ, ಜಿಲ್ಲಾ ಪಂಚಾಯಿತಿ ಅಥವಾ ಗ್ರಾಮ ಪಂಚಾಯಿತಿ.

ದಾರಿ ಪೂರ್ತಿ ಖಾಸಗಿ ಹಿಡುವಳಿಯಲ್ಲಿದ್ದರೆ ಪ್ರತಿ ಖಾತೆದಾರರ ಒಪ್ಪಿಗೆ ಪತ್ರ ಬೇಕು. ಜಂಟಿ ಖಾತೆಯಾದರೆ ಎಲ್ಲರ ಸಹಿ. ಅಣ್ಣ ಒಪ್ಪಿ ತಮ್ಮ ತಡೆದ ಕಾಮಗಾರಿಗಳು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತವೆ. ಎಷ್ಟು ಜಾಗ ಹೋಗುತ್ತದೆ ಎಂದು ಮೊದಲೇ ಹೇಳಿ: ಬಾಯಿ 2.2 ಮೀಟರ್ ಅಗಲ (ಇದರ ಲೆಕ್ಕ ಮುಂದಿನ ಹಂತದಲ್ಲಿದೆ), ಪಕ್ಕದಲ್ಲಿ ಓಡಾಡಲು ಒಂದು ಮೀಟರ್ ಬಿಟ್ಟರೆ ಅರ್ಧ ಕಿಲೋಮೀಟರಿಗೆ ಸುಮಾರು 16 ಗುಂಟೆ. ಈ ಲೆಕ್ಕ ಮುಚ್ಚಿಟ್ಟು ಸಹಿ ಹಾಕಿಸಿಕೊಂಡರೆ ಅಗೆತ ಶುರುವಾದ ದಿನವೇ ಜಗಳ.

ಒಂದು ಎಚ್ಚರಿಕೆ. "ನೀರು ಇಳಿಜಾರಿಗೆ ಹರಿಯಲೇಬೇಕು, ಕೆಳಗಿನವರು ತಡೆಯುವಂತಿಲ್ಲ" ಎಂಬ ಮಾತು ಅರ್ಧ ನಿಜ. 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಕಲಂ ಮೇಲಿನ ಜಮೀನಿನ ನೀರು ಸಹಜವಾಗಿ ಹರಿದು ಬಂದರೆ ಕೆಳಗಿನವರು ಬಿಟ್ಟುಕೊಡಬೇಕು ಎನ್ನುತ್ತದೆ. ನೀವು ಹತ್ತು ಹೊಲಗಳ ನೀರನ್ನು ಒಂದು ಪೈಪಿಗೆ ಕೂಡಿಸಿ ಪಕ್ಕದವರ ಬದುವಿನ ಮೇಲೆ ಸುರಿದರೆ ಅದು ಸಹಜ ಹರಿವಲ್ಲ. ನ್ಯಾಯಾಲಯದಲ್ಲಿ ಸೋಲುವುದು ಇಂಥ ಕಡೆಯೇ.

4. ಎಷ್ಟು ದೊಡ್ಡ ಕಾಲುವೆ?

ಲೆಕ್ಕ ಎಂಜಿನಿಯರ್‌ದೇ ಆದರೂ ಅಂದಾಜು ನಿಮ್ಮ ಕೈಯಲ್ಲಿದ್ದರೆ ಸಭೆಯಲ್ಲಿ ಮಾತಿಗೆ ತೂಕ ಬರುತ್ತದೆ. 100 ಎಕರೆ, ಅಂದರೆ ಸುಮಾರು 40 ಹೆಕ್ಟೇರ್ ಹೊಲದ ನೀರು ಒಂದು ಕಾಲುವೆಗೆ ಬರುತ್ತದೆ ಎನ್ನಿ. 5 ಸೆಂಟಿಮೀಟರ್ ನೀರನ್ನು 24 ಗಂಟೆಯಲ್ಲಿ ಹೊರಹಾಕಬೇಕಾದರೆ ಒಟ್ಟು 20,000 ಘನ ಮೀಟರ್, ಸೆಕೆಂಡಿಗೆ ಸುಮಾರು 230 ಲೀಟರ್. ತಳ 60 ಸೆಂಟಿಮೀಟರ್, ದಡದ ಇಳಿಜಾರು ಒಂದಕ್ಕೊಂದು (ಒಂದು ಎತ್ತರಕ್ಕೆ ಒಂದು ಅಡ್ಡ), ನೀರಿನ ಆಳ 50 ಸೆಂಟಿಮೀಟರ್, ತಳದ ಇಳಿಜಾರು ಸಾವಿರಕ್ಕೆ ಒಂದು ಇದ್ದರೆ ಶುಚಿಯಾದ ಮಣ್ಣಿನ ಕಾಲುವೆ ಇಷ್ಟು ನೀರನ್ನು ಒಯ್ಯುತ್ತದೆ. ಮೇಲೆ 30 ಸೆಂಟಿಮೀಟರ್ ಖಾಲಿ ಬಿಟ್ಟು 80 ಸೆಂಟಿಮೀಟರ್ ಆಳ ತೋಡಿದರೆ ಬಾಯಿ ಅಗಲ 2.2 ಮೀಟರ್, ಒಂದು ಮೀಟರ್ ಉದ್ದಕ್ಕೆ 1.12 ಘನ ಮೀಟರ್ ಮಣ್ಣು. ಅರ್ಧ ಕಿಲೋಮೀಟರಿಗೆ 560 ಘನ ಮೀಟರ್.

ಇದೇ ಕಾಲುವೆಯಲ್ಲಿ ಜೊಂಡು ದಟ್ಟವಾಗಿ ಬೆಳೆದರೆ ಹರಿವು ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಎಷ್ಟೋ ಹಳ್ಳಿಗಳಿಗೆ ಹೊಸ ಕಾಲುವೆ ಬೇಕಿಲ್ಲ, ಇರುವುದನ್ನು ಶುಚಿ ಮಾಡಿದರೆ ಸಾಕು. ಅದಕ್ಕೆ ಒಪ್ಪಿಗೆಯೂ ಬೇಗ, ಖರ್ಚೂ ಕಡಿಮೆ.

ಮರಳು ಮಿಶ್ರಿತ ಮಣ್ಣಿನಲ್ಲಿ ದಡ ಒಂದಕ್ಕೊಂದು ನಿಲ್ಲುವುದಿಲ್ಲ; ಒಂದಕ್ಕೆ ಒಂದೂವರೆ ಅಥವಾ ಎರಡು ಬೇಕು. ನಿಮ್ಮ ಕಾಲುವೆ ದೊಡ್ಡ ಹಳ್ಳದ ಭಾಗವಾಗಿದ್ದರೆ ಮೇಲಿನ ಲೆಕ್ಕ ಬಳಸಬೇಡಿ. ಗುಡ್ಡದ ನೀರು ಒಂದೆರಡು ಗಂಟೆಯಲ್ಲೇ ಒಟ್ಟಿಗೆ ಬರುತ್ತದೆ, ಅದರ ರಭಸ ಬೇರೆ.

ಮೋರಿಯ ವಿಷಯದಲ್ಲಿ ಚೌಕಾಸಿ ಬೇಡ. ಸೆಕೆಂಡಿಗೆ 230 ಲೀಟರಿಗೆ 600 ಮಿಲಿಮೀಟರ್ ಹ್ಯೂಮ್ ಪೈಪ್ (ಕಾಂಕ್ರೀಟ್ ಪೈಪ್) ಬೇಕು. "600 ಸಿಗಲಿಲ್ಲ, ಎರಡು 300 ಹಾಕಿದ್ದೇವೆ" ಎಂದರೆ ಒಪ್ಪಬೇಡಿ. ನಾಲ್ಕು 300ರ ಬಾಯಿ ಸೇರಿದರೆ ಒಂದು 600ರ ಬಾಯಿಗೆ ಸಮ. ಅಷ್ಟಾದರೂ ಕಸ ಸಿಕ್ಕಿಕೊಳ್ಳುವುದು ಚಿಕ್ಕ ಪೈಪಿನಲ್ಲೇ.

5. ಅರ್ಜಿ ಮತ್ತು ಸಭೆ

ಒಬ್ಬರ ಅರ್ಜಿಗಿಂತ ಕಾಲುವೆಗೆ ನೀರು ಬಿಡುವ ಎಲ್ಲ ರೈತರ ಜಂಟಿ ಅರ್ಜಿ ಹಾಕಿ. ಅದರ ಜತೆ ಇರಬೇಕಾದವು: ಗೆರೆ ಎಳೆದ ಗ್ರಾಮ ನಕ್ಷೆ, ಸರ್ವೆ ನಂಬರ್ ಮತ್ತು ಖಾತೆದಾರರ ಪಟ್ಟಿ, ಪಹಣಿಗಳು, ಒಪ್ಪಿಗೆ ಪತ್ರಗಳು, ಉದ್ದ ಮತ್ತು ಮಟ್ಟದ ಅಳತೆ, ನೀರು ನಿಂತಾಗ ತೆಗೆದ ದಿನಾಂಕವಿರುವ ಫೋಟೋ. ಬೇಸಿಗೆಯಲ್ಲಿ ತೆಗೆದ ಫೋಟೋ ಏನನ್ನೂ ಹೇಳುವುದಿಲ್ಲ.

ಅರ್ಜಿಯ ವಿಷಯದ ಸಾಲಿನಲ್ಲಿ ಚರಂಡಿ ಎಂದು ಬರೆಯಬೇಡಿ. ಅದು ಊರೊಳಗಿನ ಮನೆ ನೀರಿನ ಕೆಲಸವೆಂದು ನೈರ್ಮಲ್ಯದ ಕಡತಕ್ಕೆ ಸೇರುತ್ತದೆ. "ಕೃಷಿ ಜಮೀನಿನ ಬಸಿಗಾಲುವೆ ಹೂಳೆತ್ತುವುದು" ಅಥವಾ "ನೀರು ನಿಲ್ಲುವ ಪ್ರದೇಶದ ಬಸಿಗಾಲುವೆ ನಿರ್ಮಾಣ" ಎಂದಿರಲಿ.

ಅರ್ಜಿಗೆ ಸ್ವೀಕೃತಿ ಪಡೆಯಿರಿ. ನಂತರ ವಾರ್ಡ್ ಸಭೆಯಲ್ಲಿ ವಿಷಯ ಮಂಡಿಸಿ, ಗ್ರಾಮ ಸಭೆಯಲ್ಲಿ ನಿರ್ಣಯ ಮಾಡಿಸಿ. ಮುಂದಿನ ಆರ್ಥಿಕ ವರ್ಷದ ಯೋಜನೆಯ ತಯಾರಿ ಅಕ್ಟೋಬರ್ ಹೊತ್ತಿಗೆ ಶುರುವಾಗುತ್ತದೆ. ಆದ್ದರಿಂದ ಅರ್ಜಿ ಸೆಪ್ಟೆಂಬರ್‌ನಲ್ಲೇ ಒಳಗಿರಲಿ. ಸಭೆಯಲ್ಲಿ ಎಲ್ಲರೂ ಹೂಂ ಅಂದದ್ದು ನಿರ್ಣಯವಲ್ಲ. ನಡಾವಳಿ ಪುಸ್ತಕದಲ್ಲಿ ಸರ್ವೆ ನಂಬರ್ ಮತ್ತು ಉದ್ದದ ಸಮೇತ ದಾಖಲಾಗಬೇಕು. ಸಂಖ್ಯೆ, ದಿನಾಂಕ ಸಹಿತ ಅದರ ನಕಲು ಕೇಳಿ.

6. ಹಣ ಎಲ್ಲಿಂದ?

ಒಂದೇ ಬಾಬ್ತಿನಿಂದ ಪೂರ್ತಿ ಕೆಲಸ ಮಾಡಿಸಲು ಹೊರಟರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಅಗೆತಕ್ಕೆ ಒಂದು, ಮೋರಿಗೆ ಇನ್ನೊಂದು ಎಂದು ಎರಡು ಕಾಮಗಾರಿಯಾಗಿ ಬೇರ್ಪಡಿಸಿ.

ಅಗೆತ, ಹೂಳೆತ್ತುವಿಕೆಗೆ ಉದ್ಯೋಗ ಖಾತರಿ. ನೀರು ನಿಲ್ಲುವ ಪ್ರದೇಶದ ಬಸಿಗಾಲುವೆ ನರೇಗಾದ ಅನುಮತಿಸಿದ ಕಾಮಗಾರಿಗಳ ಪಟ್ಟಿಯಲ್ಲಿಯೇ ಇತ್ತು. 2005ರ ಆ ಕಾಯ್ದೆಯ ಬದಲಿಗೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ವಿಬಿ-ಜಿ ರಾಮ್ ಜಿ ಕಾಯ್ದೆಯನ್ನು ಅಂಗೀಕರಿಸಿತು. ಅದರಲ್ಲಿ 100 ದಿನದ ಖಾತರಿ 125 ದಿನವಾಗಿದೆ. ಹಾಗಾಗಿ ಅರ್ಜಿ ಹಾಕುವಾಗ ಯಾವ ನಿಯಮದಡಿ ಕ್ರಿಯಾಯೋಜನೆ ತಯಾರಾಗುತ್ತಿದೆ ಎಂದು ಪಿಡಿಒ ಬಳಿ ಕೇಳಿಯೇ ಮುಂದುವರಿಯಿರಿ. ಒಂದು ವಾದ ನಿಮ್ಮ ಪರವಾಗಿದೆ: ನರೇಗಾದಲ್ಲಿ ಕೂಲಿಗೆ ಕನಿಷ್ಠ ಶೇ 60, ಸಾಮಗ್ರಿಗೆ ಹೆಚ್ಚೆಂದರೆ ಶೇ 40 ಎಂಬ ಅನುಪಾತ ಕಾಯಬೇಕಿತ್ತು. ಕಾಂಕ್ರೀಟ್ ಕೆಲಸ ಹೆಚ್ಚು ಮಾಡಿದ ಪಂಚಾಯಿತಿಗಳಿಗೆ ಈ ಅನುಪಾತವೇ ತಲೆನೋವಾಗಿತ್ತು. ಮಣ್ಣಿನ ಬಸಿಗಾಲುವೆ ಬಹುಪಾಲು ಕೂಲಿಯ ಕೆಲಸವಾದ್ದರಿಂದ ಅವರಿಗೂ ಅನುಕೂಲ ಎಂದು ತೋರಿಸಿಕೊಡಿ.

ಖರ್ಚಿನ ಅಂದಾಜು: ಮೇಲಿನ ಕಾಲುವೆಯಲ್ಲಿ 40 ಸೆಂಟಿಮೀಟರ್ ಹೂಳು ಕೂತಿದ್ದರೆ ಅರ್ಧ ಕಿಲೋಮೀಟರಿಗೆ 200 ಘನ ಮೀಟರ್. ಒಬ್ಬರು ದಿನಕ್ಕೆ ಒಂದೂವರೆ ಘನ ಮೀಟರ್ ತೆಗೆಯುತ್ತಾರೆ ಎಂದು ಹಿಡಿದರೆ 134 ಮಾನವ ದಿನ. 2025–26ರ ಕರ್ನಾಟಕದ ನರೇಗಾ ಕೂಲಿ ₹370ರಂತೆ ₹49,580. ಅಂದಾಜು ಪಟ್ಟಿಯಲ್ಲಿ ಅಂತಿಮವಾಗಿ ಬರುವುದು ದರಪಟ್ಟಿಯ ಲೆಕ್ಕ. ಹಸಿ ಹೂಳಿಗೂ ಗಟ್ಟಿ ಎರೆಗೂ ದರ ಬೇರೆ, ಮಣ್ಣಿನ ವರ್ಗ ಸರಿಯಾಗಿ ನಮೂದಾಗಿದೆಯೇ ನೋಡಿ.

ಮೋರಿ, ಕಲ್ಲು ಕಟ್ಟಣೆಗೆ ಹಣಕಾಸು ಆಯೋಗದ ಅನುದಾನ. 15ನೇ ಆಯೋಗದ ಅವಧಿಯಲ್ಲಿ ಇದರ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟುಬಿದ್ದದ್ದು. ಉಳಿದ ಶೇ 40 ಮುಕ್ತ ಅನುದಾನವನ್ನು ಸಂವಿಧಾನದ 11ನೇ ಅನುಸೂಚಿಯ ವಿಷಯಗಳಿಗೆ ಬಳಸಬಹುದಿತ್ತು. ಭೂ ಸುಧಾರಣೆ, ಜಲ ನಿರ್ವಹಣೆ, ಮೋರಿ ಎಲ್ಲ ಅದರಲ್ಲಿವೆ. 2026ರ ಏಪ್ರಿಲ್‌ನಿಂದ 16ನೇ ಆಯೋಗದ ಅವಧಿಯಾದ್ದರಿಂದ ಕಟ್ಟಿದ್ದೆಷ್ಟು, ಮುಕ್ತವಾದದ್ದೆಷ್ಟು ಎಂದು ಆ ವರ್ಷದ ಸುತ್ತೋಲೆ ನೋಡಿಯೇ ಕೇಳಿ. ಇದಲ್ಲದೆ ಪಂಚಾಯಿತಿಯ ಸ್ವಂತ ತೆರಿಗೆ ಹಣ, ಶಾಸಕರ ಪ್ರದೇಶಾಭಿವೃದ್ಧಿ ನಿಧಿ, ಅಚ್ಚುಕಟ್ಟಿನಲ್ಲಾದರೆ ಕಾಡಾ.

7. ರೈತರ ವಂತಿಗೆ ಹಂಚುವ ಬಗೆ

ಸರ್ಕಾರಿ ಹಣಕ್ಕೆ ಸೇರದ ಖರ್ಚು ಇದ್ದೇ ಇರುತ್ತದೆ. ಎಕರೆಗೆ ಇಷ್ಟು ಎಂದು ಹಂಚುವುದು ಸುಲಭವಾದರೂ ತಕರಾರು ಬರುತ್ತದೆ. ಹಳ್ಳದ ಹತ್ತಿರ ಇರುವವರು ನೂರು ಮೀಟರ್ ಕಾಲುವೆ ಬಳಸಿದರೆ ಮೇಲಿನವರು ಐನೂರು ಮೀಟರ್ ಬಳಸುತ್ತಾರೆ. ಎಕರೆಯನ್ನು ಬಳಸುವ ಉದ್ದದಿಂದ ಗುಣಿಸಿ.

₹19,000 ಹೊಂದಿಸಬೇಕು ಎನ್ನಿ. ಮೊದಲನೆಯವರದು 4 ಎಕರೆ, 100 ಮೀಟರ್: 400 ಪಾಲು. ಎರಡನೆಯವರದು 3 ಎಕರೆ, 300 ಮೀಟರ್: 900. ಮೂರನೆಯವರದು 5 ಎಕರೆ, 500 ಮೀಟರ್: 2,500. ಒಟ್ಟು 3,800 ಪಾಲು, ಪಾಲಿಗೆ ₹5. ಹಾಗಾಗಿ ₹2,000, ₹4,500, ₹12,500. ಬರಿ ಎಕರೆ ಲೆಕ್ಕವಾದರೆ ಮೊದಲನೆಯವರು ₹6,333 ಕೊಡಬೇಕಿತ್ತು.

"ಮೇಲಿನ ಹೊಲದಲ್ಲಿ ನೀರೇ ನಿಲ್ಲುವುದಿಲ್ಲ, ನಾನೇಕೆ ಹೆಚ್ಚು ಕೊಡಲಿ" ಎಂದು ಮೂರನೆಯವರು ಕೇಳುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ. ಅವರ ನೀರಿನಿಂದಲೇ ಕೆಳಗೆ ಹಾಳಾಗುತ್ತಿದ್ದರೂ ಲಾಭ ಹೆಚ್ಚು ಕಾಣುವುದು ಕೆಳಗಿನವರಿಗೆ. ಅರ್ಧ ಮೊತ್ತವನ್ನು ಎಕರೆ ಲೆಕ್ಕದಲ್ಲಿ, ಅರ್ಧವನ್ನು ಪಾಲಿನ ಲೆಕ್ಕದಲ್ಲಿ ಹಂಚಿದರೆ ಒಪ್ಪಂದ ಬೇಗ ಕುದುರುತ್ತದೆ ಎಂಬುದು ನಮ್ಮ ಅಭಿಪ್ರಾಯ. ಯಾವ ಸೂತ್ರವಾದರೂ ಅಗೆತಕ್ಕೆ ಮುಂಚೆ ಬರಹದಲ್ಲಿರಲಿ. ಹಣವನ್ನು ಪಂಚಾಯಿತಿ ಖಾತೆಗೆ ಕಟ್ಟಿ ರಸೀದಿ ಪಡೆಯಿರಿ, ಯಾರ ಕೈಗೂ ನಗದು ಕೊಡಬೇಡಿ.

8. ಕೆಲಸ ನಡೆಯುವಾಗ

ಎರೆ ಭೂಮಿಯಲ್ಲಿ ಫೆಬ್ರವರಿಯಿಂದ ಮೇ ಒಳಗೆ ಮುಗಿಸಿ. ಅಚ್ಚುಕಟ್ಟಿನಲ್ಲಾದರೆ ನಾಲೆಗೆ ನೀರು ನಿಲ್ಲಿಸಿದ ಮೇಲೆ. ಕೂಲಿಯವರು ನಿಗದಿತ ನಮೂನೆಯಲ್ಲಿ ಕೆಲಸ ಕೇಳಿ ದಿನಾಂಕವಿರುವ ರಸೀದಿ ಪಡೆದಿರಬೇಕು. ಕೆಲಸಕ್ಕೆ ಮುಂಚೆ, ನಡುವೆ, ಮುಗಿದ ಮೇಲೆ ಮೂರು ಹಂತದ ಜಿಯೋ ಟ್ಯಾಗ್ ಫೋಟೋ ಆಗಬೇಕು. ಮೊದಲನೆಯದು ತಪ್ಪಿದರೆ ಬಿಲ್ಲು ಸಿಕ್ಕಿಕೊಳ್ಳುತ್ತದೆ.

ಉದ್ಯೋಗ ಖಾತರಿ ಕೆಲಸದಲ್ಲಿ ಗುತ್ತಿಗೆದಾರರಿಗೂ ಜೆಸಿಬಿಗೂ ಜಾಗವಿಲ್ಲ. ರಾತ್ರಿ ಯಂತ್ರದಲ್ಲಿ ತೋಡಿಸಿ ಹಾಜರಾತಿ ಪಟ್ಟಿಯಲ್ಲಿ ಹೆಸರು ತುಂಬಿಸಿದರೆ ಸಾಮಾಜಿಕ ಪರಿಶೋಧನೆಯಲ್ಲಿ ವಸೂಲಿಗೆ ಬರುತ್ತದೆ. ಯಂತ್ರ ಬೇಕೇಬೇಕಿದ್ದರೆ ಬೇರೆ ಬಾಬ್ತಿನಲ್ಲಿ, ಟೆಂಡರ್ ನಿಯಮದಂತೆ.

ಅಗೆತ ಹಳ್ಳದ ತುದಿಯಿಂದ ಮೇಲಕ್ಕೆ ಸಾಗಲಿ. ತೆಗೆದ ಮಣ್ಣನ್ನು ಅಂಚಿಗೆ ಒತ್ತಿ ಹಾಕಿದರೆ ಮೊದಲ ಮಳೆಗೇ ಒಳಗೆ ಜಾರುತ್ತದೆ. ಒಂದು ಮೀಟರ್ ದೂರ ಹಾಕಿಸಿ. ಆ ಮಣ್ಣಿನ ಏರಿ ಉದ್ದಕ್ಕೂ ಹಬ್ಬಿದರೆ ಪಕ್ಕದ ಹೊಲದ ನೀರು ಕಾಲುವೆಗೆ ಇಳಿಯದೆ ಹೊಲದಲ್ಲೇ ನಿಲ್ಲುತ್ತದೆ. ತಗ್ಗು ಇರುವ ಕಡೆಯೆಲ್ಲ ಬಾಯಿ ಬಿಡಿಸಿ, ಅಲ್ಲಿ ಕಲ್ಲು ಹಾಸಿ ಅಥವಾ ಪೈಪ್ ಇಟ್ಟು ನೀರು ಇಳಿಸಿ. ಬರಿ ಕಡಿದು ಬಿಟ್ಟ ಬಾಯಿ ಒಂದೇ ಮಳೆಗಾಲದಲ್ಲಿ ಹೊಲದೊಳಕ್ಕೆ ಕೊರೆಯುತ್ತ ಹೋಗುತ್ತದೆ. ಮೋರಿ ಪೈಪಿನ ಮೇಲೆ 60 ಸೆಂಟಿಮೀಟರ್ ಮಣ್ಣು ಇರಲಿ, ಇಲ್ಲವಾದರೆ ಕಬ್ಬಿನ ಟ್ರ್ಯಾಕ್ಟರ್ ಹಾದಾಗ ಒಡೆಯುತ್ತದೆ.

ಅಳತೆ ಪುಸ್ತಕದಲ್ಲಿ (ಎಂ.ಬಿ.) ದಾಖಲಿಸುವ ದಿನ ನಿಮ್ಮಲ್ಲಿ ಇಬ್ಬರಾದರೂ ಸ್ಥಳದಲ್ಲಿರಿ. ಮೂರು ಕಡೆ ತಳ, ಬಾಯಿ, ಆಳ ಅಳೆದು ಅಂದಾಜು ಪಟ್ಟಿಯೊಂದಿಗೆ ಹೋಲಿಸಿ.

9. ನಿರ್ವಹಣೆ

ಮುಂಗಾರಿಗೆ ಮುಂಚೆ ಏಪ್ರಿಲ್–ಮೇನಲ್ಲಿ ಒಮ್ಮೆ ಜೊಂಡು ಕಿತ್ತು ಮೋರಿಗಳ ಬಾಯಿ ಬಿಡಿಸಿ, ದೊಡ್ಡ ಮಳೆ ನಿಂತ ಮರುದಿನ ಒಮ್ಮೆ ಉದ್ದಕ್ಕೂ ನಡೆದು ನೋಡಿ. ಕಾಲುವೆಯನ್ನು ಹೊಲದವಾರು ಮೀಟರ್ ಲೆಕ್ಕದಲ್ಲಿ ಹಂಚಿ, ಕಲ್ಲು ನೆಟ್ಟು ಗುರುತು ಮಾಡಿ. ಗ್ರಾಮ ಸಭೆಯ ನಿರ್ಣಯದಲ್ಲೇ ಈ ಹಂಚಿಕೆ ಸೇರಿಸಿದರೆ ಖಾತೆ ಬದಲಾದಾಗಲೂ ತೋರಿಸಲು ಕಾಗದವಿರುತ್ತದೆ. ತಳದ ಮಟ್ಟ ಗೊತ್ತಾಗಲು ಎರಡು ಮೂರು ಕಡೆ ಕಾಂಕ್ರೀಟ್ ಗುರುತು ಹಾಕಿಸಿ. ಅದಿಲ್ಲದಿದ್ದರೆ ಮುಂದಿನ ಸಲ ಹೂಳೆತ್ತುವವರು ಎಲ್ಲೋ ಹೆಚ್ಚು ತೋಡಿ ಗುಂಡಿ ಮಾಡುತ್ತಾರೆ, ನೀರು ಅಲ್ಲೇ ನಿಂತು ಸೊಳ್ಳೆಗೆ ಮನೆಯಾಗುತ್ತದೆ.

10. ಕಡತ ಅಲುಗಾಡದಿದ್ದರೆ

ಮೊದಲು ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ, ನಂತರ ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಬರೆಯಿರಿ. ನಿರ್ಣಯದ ನಕಲು, ಸ್ವೀಕೃತಿ ಲಗತ್ತಿಸಿ. ಜತೆಗೆ ₹10 ಶುಲ್ಕದೊಂದಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ ಇದೆ, ಉದ್ದದ ದೂರು ಬರೆದರೆ ಹಿಂದಿರುಗುತ್ತದೆ. "ಏಕೆ ಮಾಡಿಲ್ಲ" ಎಂದು ಕೇಳಬೇಡಿ, ದಾಖಲೆ ಕೇಳಿ: ಈ ಸಂಖ್ಯೆಯ ನಿರ್ಣಯದ ಕಾಮಗಾರಿ ಯಾವ ಕ್ರಿಯಾಯೋಜನೆಯಲ್ಲಿ ಸೇರಿದೆ, ಅದರ ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ ಮತ್ತು ಆಡಳಿತಾತ್ಮಕ ಮಂಜೂರಾತಿಯ ಪ್ರತಿಗಳು. ಈ ಮೂರರಲ್ಲಿ ಯಾವುದು ಇಲ್ಲ ಎಂದು ಉತ್ತರ ಬರುತ್ತದೋ, ಕಡತ ನಿಂತಿರುವುದು ಅದನ್ನು ಕೊಡಬೇಕಾದ ಅಧಿಕಾರಿಯ ಮೇಜಿನ ಮೇಲೆ. ಮುಂದಿನ ಪತ್ರ ಅಲ್ಲಿಗೇ ಬರೆಯಿರಿ.